ಆ ವರ್ಷದ ನೀರು ತುಂಬುವ ಹಬ್ಬ

ಬಾಣಂತಿ ತಣ್ಣೀರು ಮುಟ್ಟಬಾರದು. ನನ್ನ ಬಾಣಂತನದಲ್ಲಿ ಅಮ್ಮ ಈ ಮಾತನ್ನು ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಕೈ ತೊಳೆಯುವುದಕ್ಕೂ ಬಿಸಿನೀರು, ಕುಡಿಯುವುದಕ್ಕೂ ಬಿಸಿನೀರು, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ನಾನು ಫ್ಯಾನ್ ಹಾಕಿದರೆ ಅಡುಗೆಮನೆಯಿಂದಲೇ ಅದರ ಸದ್ದು ಕೇಳಿಸಿಕೊಂಡು ಓಡಿಬಂದು ಆರಿಸುತ್ತಿದ್ದಳು. ನಾನೇನು ಹಪ್ಪಳವೇ, ಹೀಗೆ ಒಣಗಿಸಿಡುವುದಕ್ಕೆ, ಎಂದು ಸಿಡುಕುತ್ತಿದ್ದೆ. ಅಮ್ಮ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮೊದಲ ಹೆರಿಗೆಗೆ ತವರಿಗೆ ಬಂದ ಮಗಳು ನಾನು. ಅವಳ ರಾಜ್ಯ, ಅವಳ ಕಾನೂನು.

ಅಮ್ಮನ ಕೈಗುಣ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮೊದಮೊದಲು ನೀರು ಎರೆಯುವುದಕ್ಕೆ ಅವಳನ್ನೇ ಕರೆಯುತ್ತಿದ್ದರು. ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಮಣೆಯ ಮೇಲೆ ಕುಳಿತು, ಕಾಲು ನೀಡಿ, ಎರಡು ಕಾಲುಗಳ ನಡುವಿನ ಸಂದಿಯಲ್ಲಿ ಮಗುವನ್ನು ಮಲಗಿಸಿಕೊಂಡರೆ ಆಯಿತು. ಅಲ್ಲಿಯವರೆಗೆ ಕಿರುಚುತ್ತಿದ್ದ ಮಗು ಎಣ್ಣೆಯ ಕೈ ಬಿದ್ದ ಕೂಡಲೇ ಸುಮ್ಮನಾಗಿಬಿಡುತ್ತಿತ್ತು. ಕೊನೆಯ ಚೊಂಬು ನೀರನ್ನು ಮಗುವಿಗೆ ದೃಷ್ಟಿಯಾಗದಂತೆ ಸುಳಿದು ಬಚ್ಚಲಿಗೆ ಚೆಲ್ಲಿ, ಇರುವೆಯಷ್ಟೂ ನೋವು ಬೇಡ, ಆನೆಯಷ್ಟು ಆಯಸ್ಸು ಬರಲಿ, ಎನ್ನುತ್ತಿದ್ದಳು. ಆ ಮಾತು ಅವಳದೇ ಸೃಷ್ಟಿ ಇರಬೇಕು, ಬೇರೆ ಯಾರ ಬಾಯಲ್ಲೂ ನಾನು ಕೇಳಿಲ್ಲ. ನನ್ನ ಮಗಳಿಗೂ ಹುಟ್ಟಿದಂದಿನಿಂದ ಅವಳೇ ಎರೆದಳು.

ಅಪ್ಪನ ರಾಜ್ಯ ಬೇರೆ, ಅದು ಸಂಪು. ಗೇಟಿನ ಒಳಗೆ, ಸ್ಕೂಟರ್ ನಿಲ್ಲಿಸುವ ಜಾಗದ ಕೆಳಗೆ, ನೆಲದಲ್ಲಿ ಹುದುಗಿದ ನೀರಿನ ತೊಟ್ಟಿ. ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರ ಜೀವ ಇರುವುದೇ ಅದರಲ್ಲಿ. ದಿನ ಬಿಟ್ಟು ದಿನ ಬರುವ ಕಾವೇರಿ ನೀರು ಅದರೊಳಗೆ ಬೀಳುತ್ತದೆ. ಮೋಟರ್ ಹಾಕಿದರೆ ಮೇಲಿನ ಟ್ಯಾಂಕಿಗೆ ಏರಿ, ಅಲ್ಲಿಂದ ನಲ್ಲಿಗಳಿಗೆ ಇಳಿಯುತ್ತದೆ. ಅಪ್ಪ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಬೆಳಿಗ್ಗೆ ಎದ್ದು ದೇವರ ಮುಖ ನೋಡುವುದಕ್ಕಿಂತ ಮೊದಲು ಸಂಪಿನ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಆ ಬೇಸಿಗೆಯಲ್ಲಿ ಬೋರ್‌ಗಳೆಲ್ಲ ಬತ್ತಿಹೋಗಿ, ಟ್ಯಾಂಕರಿನವರ ಕಾಲು ಹಿಡಿಯುವುದೊಂದು ಬಾಕಿಯಿತ್ತು. ಸೊಪ್ಪು ತೊಳೆದ ನೀರಲ್ಲಿ ನೆಲ ಒರೆಸಿದ ಕಾಲ ಅದು. ಹೀಗಾಗಿ ‘ಸಂಪ್ ತುಂಬಿದೆ’ ಎಂಬ ಎರಡು ಮಾತಿಗಿಂತ ಸಿಹಿಯಾದ ಸುದ್ದಿ ನಮ್ಮ ಮನೆಯಲ್ಲಿ ಇರಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಎಲ್ಲರೂ ಕೇಳಿದರು, ಅಷ್ಟೂ ತಿಳಿಯಲಿಲ್ಲವೇ ನಿಮಗೆ ಎಂದು. ನೀರಿಗಾಗಿ ಬಾಯಿ ಬಿಟ್ಟವರಿಗೆ ಕೆಲವು ವಿಷಯ ತಿಳಿಯುವುದಿಲ್ಲ.

ನಮ್ಮ ಮನೆ ಇರುವುದು ಪದ್ಮನಾಭನಗರದಿಂದ ಉತ್ತರಹಳ್ಳಿಯ ಕಡೆ ಇಳಿಯುವ ಅಡ್ಡರಸ್ತೆಗಳಲ್ಲೊಂದರಲ್ಲಿ. ಇಳಿಯುವ ಎಂಬುದನ್ನು ಅಪ್ಪ ಸೈಟು ಕೊಂಡಾಗ ಗಮನಿಸಿರಲಿಲ್ಲ. ಎರಡು ರಸ್ತೆ ಆಚೆಗೆ ರಾಜಕಾಲುವೆ. ಹೆಸರಿಗೆ ರಾಜ, ಹರಿಯುವುದು ಊರಿನ ಕೊಚ್ಚೆ. ದೀಪಾವಳಿಯ ಹಿಂದಿನ ವಾರ ಮಳೆ ಹಿಡಿಯಿತು. ಮಗಳಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಹಬ್ಬಕ್ಕೆ ಎರಡು ದಿನ ಇದೆ ಎನ್ನುವಾಗ ಮಧ್ಯಾಹ್ನವೇ ಕತ್ತಲು ಕವಿದು, ಸುರಿದ ಮಳೆ ಸಂಜೆಯಾದರೂ ನಿಲ್ಲಲಿಲ್ಲ. ರಸ್ತೆಯಲ್ಲಿ ನೀರು ಏರುವುದನ್ನು ನೋಡಿ ಅಪ್ಪ ಗೋಣಿಚೀಲಗಳಿಗೆ ಮರಳು ತುಂಬಿ ಗೇಟಿಗೆ ಅಡ್ಡ ಇಟ್ಟರು. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದರು, ಅದರ ಮೇಲೆ ಇಟ್ಟಿಗೆ. ಒದ್ದೆಯಾಗಿ ನಿಂತು ತಮ್ಮ ಕೋಟೆಯನ್ನು ತಾವೇ ಮೆಚ್ಚಿಕೊಳ್ಳುತ್ತಿದ್ದಾಗ, ನೀರು ಬಚ್ಚಲುಮನೆಯ ತೂಬಿನಿಂದ ಗುಳುಗುಳು ಎನ್ನುತ್ತ ಮೇಲೆದ್ದು ಹಾಲ್‌ಗೆ ಬಂದಿತ್ತು. ಕಾಲುವೆ ತುಂಬಿದರೆ ಒಳಚರಂಡಿ ಹಿಂದಕ್ಕೆ ತಳ್ಳುತ್ತದೆ ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ನಮ್ಮಪ್ಪ ಕೊಳ್ಳೆಗಾರರನ್ನು ಒಳಗಿಟ್ಟುಕೊಂಡೇ ಬಾಗಿಲು ಹಾಕಿದ್ದರು.

ಕಪ್ಪು ನೀರು. ಅದರ ನಾತವನ್ನು ಬರೆಯುವುದಕ್ಕೆ ನನಗೆ ಇಷ್ಟವಿಲ್ಲ. ಅಮ್ಮ ಮಗುವನ್ನು ಎತ್ತಿ ನನ್ನ ಕೈಗೆ ಕೊಟ್ಟು, ಮಂಚ ಬಿಟ್ಟು ಇಳಿಯಬೇಡ ಎಂದಳು. ತಾನು ಮಾತ್ರ ನೀರಿನಲ್ಲಿ ಓಡಾಡಿ ಗ್ಯಾಸ್ ಸಿಲಿಂಡರ್ ಬಂದ್ ಮಾಡಿದಳು, ಬಾಣಂತಿ ಲೇಹದ ಭರಣಿಯನ್ನು ಅಟ್ಟಕ್ಕೆ ಏರಿಸಿದಳು, ದೇವರ ಪೆಟ್ಟಿಗೆಯನ್ನು ಫ್ರಿಡ್ಜಿನ ಮೇಲೆ ಇಟ್ಟಳು. ಅಪ್ಪ ಮೀಟರ್ ಬೋರ್ಡಿನ ಹತ್ತಿರ ಹೋಗಿ ಮೇನ್ ಆಫ್ ಮಾಡಿ, ಇನ್ನು ಭಯವಿಲ್ಲ ಎಂದು ಹೊರಗಿನಿಂದ ಕೂಗಿದರು. ಭಯವಿಲ್ಲ ಎಂದು ನಾವೂ ನಂಬಿದೆವು.

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದವಳು ನನಗಿಂತ ಸ್ವಲ್ಪ ದೊಡ್ಡವಳು, ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ನಮ್ಮನ್ನು ಮೇಲೆ ಕರೆದುಕೊಂಡು ಹೋಗಲು ಹೊರಗಿನ ಮೆಟ್ಟಿಲು ಇಳಿದು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

“ಅಂಕಲ್, ಮೇನ್ ಆಫ್ ಮಾಡಿದೀರಲ್ಲ, ಮತ್ತೆ ಆ ಲೈಟ್ ಹೆಂಗ್ ಉರೀತಿದೆ?”

ನನ್ನ ಕೋಣೆಯ ಬಲ್ಬು ಉರಿಯುತ್ತಿತ್ತು. ಇನ್ವರ್ಟರ್. ಕರೆಂಟ್ ಹೋದರೂ ಬೆಳಕಿರುವುದು ನಮಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಹೋಗಬೇಕಾದ ಬೆಳಕು ಹೋಗಿಲ್ಲ ಎಂಬುದು ಕಣ್ಣಿಗೇ ಬಿದ್ದಿರಲಿಲ್ಲ. ಇನ್ವರ್ಟರ್ ಹಾಲ್‌ನ ಮೂಲೆಯಲ್ಲಿ, ಅದರ ತಂತಿ ನೆಲದ ಹತ್ತಿರದ ಪ್ಲಗ್ಗಿನಲ್ಲಿ, ಪ್ಲಗ್ಗಿಗೂ ನೀರಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಅಪ್ಪ ಹೋಗಿ ಕೀಳುತ್ತೇನೆಂದು ಹೊರಟರು. ಅಕ್ಕ ಅವರ ತೋಳು ಹಿಡಿದು ಬಿಡಲೇ ಇಲ್ಲ. ಅಮ್ಮನಿಗೆ ಮಂಚ ಹತ್ತಿ ಎಂದಳು. ಅಮ್ಮ, ನಾನು, ಮಗು, ಮೂವರೂ ಮಂಚದ ಮೇಲೆ ಕಾಲು ಮಡಚಿ ಕುಳಿತೆವು. ನೀರು ಪ್ಲಗ್ ಮುಟ್ಟಿದಾಗ ಇನ್ವರ್ಟರ್ ಕೀ ಕೀ ಎಂದು ಕೂಗಲು ಶುರು ಮಾಡಿತು. ಬಲ್ಬು ಮಿಣುಕಿತು, ಮತ್ತೆ ಹೊತ್ತಿತು. ಬೆಳಕು ಆರಲಿ ದೇವರೇ ಎಂದು ನಾನು ಬೇಡಿಕೊಂಡದ್ದು ಅದೊಂದೇ ಸಲ, ಅದೂ ದೀಪಾವಳಿಯ ಹೊತ್ತಿನಲ್ಲಿ. ಕೂಗಿ ಕೂಗಿ ಕೊನೆಗೆ ಅದು ತಾನೇ ಸತ್ತಿತು. ಅಕ್ಕ ಇನ್ನೂ ಸ್ವಲ್ಪ ಹೊತ್ತು ಕಾಯಿಸಿ, ಆಮೇಲೆ ಬನ್ನಿ ಎಂದಳು.

ಕೈ ತೊಳೆಯಲೂ ತಣ್ಣೀರು ಮುಟ್ಟದ ಬಾಣಂತಿ ಮೊಣಕಾಲುದ್ದ ಕೊಚ್ಚೆಯಲ್ಲಿ ನಡೆದುಹೋದಳು. ಕಾಲಿಗೆ ಏನೇನೋ ತಗುಲುತ್ತಿತ್ತು. ಅಮ್ಮ ಮುಂದೆ, ಮಗುವನ್ನು ಹೆಗಲ ಮೇಲೆ ಎತ್ತರಕ್ಕೆ ಹಿಡಿದುಕೊಂಡು. ಆ ಹೊತ್ತಿನಲ್ಲೂ ಅವಳು ತಿರುಗಿ, ಕಿವಿಯ ಹತ್ತಿ ಬಿದ್ದುಹೋಗಿದೆ ನೋಡು ಎಂದಳು. ನನಗೆ ನಗು ಬಂತು. ಆ ವಾರ ನಾನು ನಕ್ಕದ್ದು ಅದೇ ಕೊನೆ.

ಮರುದಿನ ಬೆಳಿಗ್ಗೆ ನೀರು ಇಳಿದಿತ್ತು, ಕೆಸರು ಉಳಿದಿತ್ತು. ಅಕ್ಕ ಹಬ್ಬಕ್ಕೆ ತವರಿಗೆ ಹೊರಟಿದ್ದವಳು, ನಮ್ಮನ್ನು ಬಿಟ್ಟು ಹೋಗಲು ಮನಸ್ಸಿಲ್ಲದಿದ್ದರೂ, ಮನೆಯ ಬೀಗದ ಕೈ ಅಮ್ಮನ ಕೈಗೆ ಕೊಟ್ಟು, ಇಲ್ಲೇ ಇರಿ ಎಂದು ಹೇಳಿ ಬಸ್ಸು ಹತ್ತಿದಳು. ಅವಳು ಇದ್ದಿದ್ದರೆ ಮುಂದಿನದು ಆಗುತ್ತಿರಲಿಲ್ಲವೋ ಏನೋ. ಇಂಥ ‘ಇದ್ದಿದ್ದರೆ’ಗಳನ್ನು ಪೋಣಿಸಿ ಎಷ್ಟು ಜಪ ಮಾಡಿದರೂ ಫಲವಿಲ್ಲ ಎಂದು ಈಗ ಗೊತ್ತು.

ನನ್ನ ಗಂಡ ಬಿಟಿಎಂ ಲೇಔಟಿನಿಂದ ಗಂಬೂಟು, ಕೈಗವಸು, ಬ್ಲೀಚಿಂಗ್ ಪೌಡರಿನ ಚೀಲ ಹೊತ್ತು ಬಂದ. ಅವನೂ ಅಪ್ಪನೂ ಸಲಿಕೆಯಲ್ಲಿ ಕೆಸರು ಬಾಚಿದರು. ಹಾಸಿಗೆ, ದಿಂಬು, ಅಕ್ಕಿಯ ಡಬ್ಬ, ಬೇಳೆ, ನನ್ನ ಬಾಣಂತನಕ್ಕೆಂದು ಅಮ್ಮ ಹಳೆ ಸೀರೆಗಳನ್ನು ಹರಿದು ಹೊಲಿದಿಟ್ಟಿದ್ದ ಮೆತ್ತನೆಯ ಬಟ್ಟೆಗಳು, ಎಲ್ಲ ಗೇಟಿನ ಹೊರಗೆ ಗುಡ್ಡೆ ಬಿದ್ದವು. ಪ್ಲೈವುಡ್ಡಿನ ಬೀರು ನೆನೆದು ಊದಿಕೊಂಡು ಬಾಗಿಲೇ ತೆಗೆಯಲಾಗಲಿಲ್ಲ. ರಸ್ತೆಯುದ್ದಕ್ಕೂ ಎಲ್ಲರ ಮನೆಯ ಒಳಗು ಹೊರಗೆ ಬಿದ್ದಿತ್ತು. ಅಮ್ಮ ಅಕ್ಕಿ ಮಾತ್ರ ಎಸೆಯಲಾರದೆ ಸ್ವಲ್ಪ ಹೊತ್ತು ಡಬ್ಬ ಹಿಡಿದು ನಿಂತಿದ್ದಳು. ಬಿಸಿಲಿಗೆ ಹಾಕಿದರೆ ಆಗದೇ ಎಂದಳು. ಆಗಲ್ಲ ಎಂದು ಗಂಡ ಕಸಿದುಕೊಂಡ. ನಾವು ಎಷ್ಟು ಎಚ್ಚರದಿಂದಿದ್ದೆವು ಎಂಬುದನ್ನು ಹೇಳುವುದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಕಣ್ಣಿಗೆ ಕಂಡದ್ದನ್ನೆಲ್ಲ ಎಸೆದೆವು, ತಿಕ್ಕಿದೆವು, ತೊಳೆದೆವು.

ತೊಳೆಯುವುದಕ್ಕೆ ನೀರು ಬೇಕಲ್ಲ. ಅಪ್ಪ ಹೋಗಿ ಸಂಪಿನ ಮುಚ್ಚಳ ಎತ್ತಿದರು. ಅದು ಕಾವೇರಿ ಬರುವ ದಿನ. ಕಂಠದವರೆಗೆ ತುಂಬಿತ್ತು.

“ಸಂಪ್ ತುಂಬಿದೆ ನೋಡೇ,” ಎಂದು ಅಪ್ಪ ಮಹಡಿಯತ್ತ ತಲೆಯೆತ್ತಿ ಅಮ್ಮನಿಗೆ ಹೇಳಿದರು. “ಇಷ್ಟು ಕಷ್ಟದಲ್ಲೂ ದೇವರು ಕಣ್ಣು ಬಿಟ್ಟ. ಟ್ಯಾಂಕರ್ ಬೇಕಾಗಲ್ಲ.”

ಪ್ಲಗ್ಗುಗಳ ಲೈನ್ ಕಿತ್ತಿಟ್ಟು, ಮೇನ್ ಮತ್ತೆ ಹಾಕಿ, ಮೋಟರ್ ಹಾಕಿದರು. ನೀರು ಸ್ವಲ್ಪ ಕೆಂಪಗಿತ್ತು. ಮಳೆಗಾಲದಲ್ಲಿ ಕಾವೇರಿಯ ಬಣ್ಣವೇ ಹಾಗೆ, ಅದನ್ನು ನೋಡಿ ನೋಡಿ ಅಭ್ಯಾಸ. ವಾಸನೆಯೆಂದರೆ, ಬ್ಲೀಚಿಂಗ್ ಪೌಡರಿನ ಘಾಟಿಗೆ ನಮ್ಮೆಲ್ಲರ ಮೂಗು ಸತ್ತುಹೋಗಿತ್ತು. ಸಂಪಿನ ಕಬ್ಬಿಣದ ಮುಚ್ಚಳ ನೆಲದ ಮಟ್ಟಕ್ಕೇ ಇತ್ತು, ಅದರ ಮೇಲೆ ಇಡೀ ಸಂಜೆ ಕೊಚ್ಚೆ ನಿಂತಿತ್ತು, ಅಂಚಿನಲ್ಲಿ ಬೆರಳು ತೂರುವಷ್ಟು ಸಂದು. ಇವೆಲ್ಲ ನಮಗೆ ಬಿಡಿಬಿಡಿಯಾಗಿ ಗೊತ್ತಿದ್ದ ಸಂಗತಿಗಳೇ. ಒಟ್ಟುಗೂಡಿಸಿ ನೋಡಲಿಲ್ಲ, ಅಷ್ಟೆ. ಮನೆಗೆ ನುಗ್ಗಿದ ನೀರನ್ನು ಹೊರಹಾಕಿ, ಅದೇ ನೀರನ್ನು ಪೈಪಿನಲ್ಲಿ ಮೇಲೇರಿಸಿ, ಅದರಿಂದಲೇ ಮನೆ ತೊಳೆದೆವು.

ಅದರ ಮರುದಿನ ನೀರು ತುಂಬುವ ಹಬ್ಬ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ಬೆಳಗಿ, ನೀರು ತುಂಬಿ, ಗಂಗೆಗೆ ಪೂಜೆ ಮಾಡಿ, ಬೆಳಿಗ್ಗೆ ಎಣ್ಣೆ ಹಚ್ಚಿ ಆ ನೀರನ್ನು ಎರೆದುಕೊಳ್ಳುವುದು. ಈ ವರ್ಷ ಬೇಡಮ್ಮ, ನೀರು ತಾನೇ ತುಂಬಿಕೊಂಡು ಹೋಯಿತಲ್ಲ, ಎಂದು ನಾನು ವ್ಯಂಗ್ಯವಾಡಿದೆ. ಅಮ್ಮ ಒಪ್ಪಲಿಲ್ಲ. ಮಗುವಿನ ಮೊದಲ ದೀಪಾವಳಿ, ತಲೆಗೆ ಎಣ್ಣೆನೀರು ಬೀಳದೆ ಹೋಗಬಾರದು ಎಂದಳು. ಅಟ್ಟದ ಮೇಲಿದ್ದ ತಾಮ್ರದ ಹಂಡೆಗೆ ಕೊಚ್ಚೆ ತಾಗಿರಲಿಲ್ಲ. ಅದನ್ನು ಇಳಿಸಿ, ಹುಣಸೆಹಣ್ಣು ಹಾಕಿ ಕೆಂಪಗೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಎಲ್ಲಿಂದಲೋ ಒಂದು ತುಂಡು ಹಾಗಲ ಬಳ್ಳಿ ಹುಡುಕಿ ತಂದು ಕೊರಳಿಗೆ ಕಟ್ಟಿದಳು. ಅಕ್ಕನ ಮನೆಯ ಬಚ್ಚಲಲ್ಲಿ ನಲ್ಲಿ ತಿರುಗಿಸಿ ಹಂಡೆ ತುಂಬಿದಳು. ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಕೈ ಮುಗಿದು, ತಾಯಿ ಗಂಗಮ್ಮ, ಮೊನ್ನೆಯ ಕೋಪ ಸಾಕು, ಎಂದು ಬೇಡಿಕೊಂಡಳು. ಯಾವ ಗಂಗಮ್ಮನಿಗೆ ಬೇಡಿಕೊಳ್ಳುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಹಂಡೆಯ ನೀರು ಕುದಿಯುವಷ್ಟು ಕಾದಿತ್ತು. ಅದರಿಂದ ಏನೂ ಆಗುತ್ತಿರಲಿಲ್ಲ, ನಾವೆಲ್ಲ ಕುಡಿಯುತ್ತಿದ್ದುದೂ ಕಾಯಿಸಿದ ನೀರೇ. ಆದರೆ ಕುದಿಯುವ ನೀರನ್ನು ಮಗುವಿಗೆ ಯಾರು ಎರೆಯುತ್ತಾರೆ? ಹದಕ್ಕೆ ಬರುವಂತೆ ಅಮ್ಮ ನಲ್ಲಿಯ ತಣ್ಣೀರನ್ನು ಬೆರೆಸಿ, ಮೊಣಕೈ ಅದ್ದಿ ನೋಡಿ, ಎರೆದಳು. ಬೆರಳಿಗೆ ನೀರು ಮುಟ್ಟಿಸಿಕೊಂಡು ಮಗುವಿನ ನಾಲಿಗೆ ತೊಳೆದಳು. ಸ್ನಾನವಾದ ಮೇಲೆ ತೇಯುವ ಕಲ್ಲಿನ ಮೇಲೆ ಎರಡು ತೊಟ್ಟು ನೀರು ಬಿಟ್ಟು ಬಜೆ ತೇಯ್ದು, ಅದನ್ನು ನೆಕ್ಕಿಸಿದಳು. ಹೊಟ್ಟೆ ಉಬ್ಬರಿಸದಿರಲಿ ಎಂದು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದು. ಸಾಂಬ್ರಾಣಿಯ ಹೊಗೆ ಹಾಕಿದಳು. ಕೊನೆಯ ಚೊಂಬು ಸುಳಿದು, ಇರುವೆಯಷ್ಟೂ ನೋವು ಬೇಡ ಎಂದಳು. ಮಗು ಘಮಘಮ ಎನ್ನುತ್ತಿತ್ತು. ಅದನ್ನು ಎದೆಗವಚಿಕೊಂಡು ನಾನು ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಹೊರಗೆ ಬೀದಿಯವರು ನೆನೆಯದೆ ಉಳಿದಷ್ಟು ಪಟಾಕಿ ಹೊಡೆಯುತ್ತಿದ್ದರು.

ಪಾಡ್ಯದ ದಿನ ಮಗು ಹಾಲು ಕುಡಿಯಲಿಲ್ಲ. ಮೊದಲು ವಾಂತಿ, ಆಮೇಲೆ ನೀರಿನಂಥ ಭೇದಿ, ಮೈ ಕೆಂಡ. ಸಂಜೆಯ ಹೊತ್ತಿಗೆ ಅಳುವುದನ್ನೂ ನಿಲ್ಲಿಸಿತು. ಅಮ್ಮ ತಲೆ ಸವರಿದವಳು ಕೈ ಹಿಂದಕ್ಕೆ ತೆಗೆದುಕೊಂಡಳು. ನೆತ್ತಿ ಗುಳಿಬಿದ್ದಿತ್ತು. ಅಷ್ಟು ಮಕ್ಕಳಿಗೆ ಎಣ್ಣೆಯೊತ್ತಿದ ಕೈಗೆ ಅದರ ಅರ್ಥ ತಿಳಿಯಿತು. ಅವಳ ಮುಖ ನೋಡಿಯೇ ನನಗೂ ತಿಳಿಯಿತು.

ಜಯನಗರದ ಆಸ್ಪತ್ರೆಯಲ್ಲಿ ಮಗುವಿನ ಕೈಯಲ್ಲಿ ನರ ಸಿಗದೆ ತಲೆಯ ಪಕ್ಕದಲ್ಲಿ ಸೂಜಿ ಹಾಕಿದರು, ಅದಕ್ಕಾಗಿ ಅಲ್ಲಿಯ ಕೂದಲು ಬೋಳಿಸಿದರು. ಇನ್ನೂ ಚೌಲವಾಗದ ಕೂದಲು. ನನಗೆ ಆ ಬೋಳಿಸಿದ ಜಾಗವನ್ನು ನೋಡುವುದಕ್ಕೆ ಆಗುತ್ತಿರಲಿಲ್ಲ, ನೋಡದೆ ಇರುವುದಕ್ಕೂ ಆಗುತ್ತಿರಲಿಲ್ಲ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮೆಲುದನಿಯವರು. ಮಗುವಿಗೆ ಹೊರಗಿನದು ಏನಾದರೂ ಕೊಟ್ಟಿರಾ ಎಂದು ಕೇಳಿದರು. ತಾಯಿಹಾಲು ಬಿಟ್ಟು ಏನೂ ಇಲ್ಲ ಎಂದೆ ನಾನು. ಹಿಂದೆ ನಿಂತಿದ್ದ ಅಮ್ಮ ಮುಂದೆ ಬಂದಳು.

“ಬಜೆ ತೇದು ನೆಕ್ಸಿದೀನಿ.”

“ಯಾವ ನೀರಲ್ಲಿ ತೇದ್ರಿ, ಅಮ್ಮ?”

“ನಲ್ಲೀದು.”

“ಮನೆಗೆ ನೀರು ನುಗ್ಗಿತ್ತು ಅಂದ್ರಲ್ಲ. ನಲ್ಲಿಗೆ ನೀರು ಎಲ್ಲಿಂದ ಬರತ್ತೆ?”

ನಲ್ಲಿಯಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಸಂಪಿಗೆ, ಸಂಪಿನಿಂದ ಆ ಮುಚ್ಚಳದ ಸಂದಿಗೆ, ಅಲ್ಲಿಂದ ಬೀದಿಗೆ ಅಮ್ಮನ ಮನಸ್ಸು ಹಿಂದಕ್ಕೆ ನಡೆದು ಹೋದದ್ದನ್ನು ನಾನು ಅವಳ ಕಣ್ಣಲ್ಲೇ ನೋಡಿದೆ. ಆಮೇಲೆ ಅವಳು ತನ್ನ ಎರಡು ಕೈಗಳನ್ನೂ ಸೆರಗಿನೊಳಗೆ ಸುತ್ತಿಕೊಂಡಳು. ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಹಾಗೆಯೇ ಸುತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಮಗುವನ್ನು ನೋಡಲು ಒಳಗೆ ಬಾ ಎಂದರೆ, ನೀನು ಹೋಗು, ನಾನು ಇಲ್ಲಿಂದಲೇ ನೋಡುತ್ತೇನೆ, ಎನ್ನುತ್ತಿದ್ದಳು. ಗಾಜಿನ ಬಾಗಿಲಿಂದ ಏನೂ ಕಾಣುತ್ತಿರಲಿಲ್ಲ.

ನನಗೆ ಎಲ್ಲರ ಮೇಲೂ ಸಿಟ್ಟಿತ್ತು. ಅಪ್ಪನ ಮೇಲೆ ಹೆಚ್ಚು. ಮೋಟರ್ ಹಾಕಿದವರು ಅವರು. ಮನೆಗೆ ಹೋಗಿ ಮುಚ್ಚಳ ಎತ್ತಿ ಮೂಗಿಟ್ಟು ನೋಡಿ, ಫೋನಿನಲ್ಲಿ ಅವರು ಹೇಳಿದ್ದು, ಕಾವೇರಿ ಅಂದ್ಕೊಂಡಿದ್ದೆ ಕಣಮ್ಮ, ಎಂದಷ್ಟೆ. ಆ ಸಿಟ್ಟು ನ್ಯಾಯವೋ ಅನ್ಯಾಯವೋ ಯೋಚಿಸುವ ಶಕ್ತಿ ನನ್ನಲ್ಲಿರಲಿಲ್ಲ. ಅಮ್ಮನ ಮೇಲೆ ಸಿಟ್ಟಾಗುವುದಕ್ಕೆ ಮಾತ್ರ ಆಗಲಿಲ್ಲ. ಅವಳು ಅದಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ.

ಮಗು ಉಳಿಯಿತು. ಗುಳಿಬಿದ್ದ ನೆತ್ತಿ ನಿಧಾನವಾಗಿ ತುಂಬಿತು. ಆಸ್ಪತ್ರೆಯಿಂದ ನಾನು ತವರಿಗೆ ಹೋಗಲಿಲ್ಲ, ನೇರ ಬಿಟಿಎಂನ ನಮ್ಮ ಬಾಡಿಗೆ ಮನೆಗೆ ಹೋದೆ. ಬಾಣಂತನ ಅಲ್ಲಿಗೆ ಮುಗಿಯಿತು.

ಅಪ್ಪ ಸಂಪು ಖಾಲಿ ಮಾಡಿಸಿದರು. ಒಳಗಿನ ಗಾಳಿ ಕೆಟ್ಟಿರುತ್ತದೆಂದು ಮುಚ್ಚಳ ತೆರೆದಿಟ್ಟು, ಫ್ಯಾನ್ ಬಿಟ್ಟು, ಹಗ್ಗ ಕಟ್ಟಿಕೊಂಡ ಆಳುಗಳನ್ನು ಇಳಿಸಿ ಗೋಡೆ ತಿಕ್ಕಿಸಿದರು, ಬ್ಲೀಚಿಂಗ್ ಹಾಕಿ ತುಂಬಿಸಿದರು, ಚೆಲ್ಲಿದರು, ಮತ್ತೆ ತುಂಬಿಸಿದರು. ಮೇಲಿನ ಟ್ಯಾಂಕು, ಪೈಪುಗಳು, ಪ್ರತಿ ನಲ್ಲಿ, ಏನನ್ನೂ ಬಿಡಲಿಲ್ಲ. ಬಚ್ಚಲ ತೂಬಿಗೆ ನೀರು ಹಿಂದಕ್ಕೆ ಬಾರದಂತೆ ತಡೆ ಹಾಕಿಸಿದರು, ಪ್ಲಗ್ಗುಗಳನ್ನೆಲ್ಲ ಎದೆಯ ಮಟ್ಟಕ್ಕೆ ಏರಿಸಿದರು, ಸಂಪಿನ ಬಾಯಿಗೆ ಸುತ್ತ ಕಟ್ಟೆ ಕಟ್ಟಿಸಿ ಹೊಸ ಮುಚ್ಚಳ ಕೂರಿಸಿದರು. ಈಗ ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ, ಬಂದವರೆಲ್ಲ ಆ ಕಟ್ಟೆಗೆ ಎಡವುತ್ತಾರೆ. ಅಪ್ಪನ ದುಃಖಕ್ಕೆ ಸಿಮೆಂಟು ಸಿಕ್ಕಿತು. ಅಮ್ಮನಿಗೆ ಅಂಥದ್ದೇನೂ ಸಿಗಲಿಲ್ಲ. ಅವಳು ಆಮೇಲೆ ಯಾರ ಮಗುವಿಗೂ ಎರೆಯಲಿಲ್ಲ. ಎದುರು ಮನೆಯಲ್ಲಿ ಮೊಮ್ಮಗ ಹುಟ್ಟಿದಾಗ ಕರೆಯಲು ಬಂದರೆ, ಸೊಂಟ ನೋವು ಎಂದು ಹೇಳಿ ಕಳಿಸಿದಳು.

ಒಂದು ವರ್ಷವಾದ ಮೇಲೆ ನಾನು ಮತ್ತೆ ತವರಿಗೆ ಹೋಗಿ ಬರುವುದಕ್ಕೆ ಶುರು ಮಾಡಿದೆ. ಹೋಗುವಾಗ ಮಗಳ ಬಾಟಲಿ, ನನ್ನ ಬಾಟಲಿ, ಎರಡನ್ನೂ ಮನೆಯಿಂದಲೇ ತುಂಬಿಸಿಕೊಂಡು ಹೋಗುತ್ತಿದ್ದೆ. ಒಂದು ಲೋಟ ನೀರೂ ಮುಟ್ಟದೆ ಬರುವುದು ನಮ್ಮಲ್ಲಿ ಹಗೆಯವರ ಮನೆಯಿಂದ. ಅದು ಗೊತ್ತಿದ್ದೂ ನನ್ನಿಂದ ಆಗುತ್ತಿರಲಿಲ್ಲ. ಲೋಟ ತುಟಿಯವರೆಗೆ ಬಂದರೆ ಬೋಳಿಸಿದ ಆ ಜಾಗ ಕಣ್ಣಿಗೆ ಕಟ್ಟುತ್ತಿತ್ತು. ಅಮ್ಮ ಬಾಟಲಿಗಳನ್ನು ನೋಡುತ್ತಿದ್ದಳು.

ಅಮ್ಮನದೂ ಒಂದು ವಿಚಿತ್ರವಿತ್ತು. ಹಬ್ಬಕ್ಕೆ ಬಾ ಎಂದು ಅವಳು ಮೊದಲೇ ಕರೆಯುತ್ತಿರಲಿಲ್ಲ. ನಾನೇ ಫೋನ್ ಮಾಡಿ ಬರಲೇ ಎಂದರೆ, ನೋಡೋಣ, ಹೇಳ್ತೀನಿ, ಎನ್ನುತ್ತಿದ್ದಳು. ಹಿಂದಿನ ಸಂಜೆ ಇದ್ದಕ್ಕಿದ್ದಂತೆ ಕರೆ ಬರುತ್ತಿತ್ತು, ನಾಳೆ ಬನ್ನಿ ಎಂದು. ಒಂದು ಯುಗಾದಿಗೆ, ಒಂದು ಗೌರಿ ಹಬ್ಬಕ್ಕೆ, ಹೊಟ್ಟೆ ಸರಿಯಿಲ್ಲ, ಈ ಸಲ ಬೇಡ ಎಂದಳು. ನಿಮ್ಮಮ್ಮ ಪಂಚಾಂಗ ನೋಡಿ ಕರೆಯುತ್ತಾರೇನೋ ಎಂದು ಗಂಡ ಹಾಸ್ಯ ಮಾಡುತ್ತಿದ್ದ. ನನಗೆ ಹಾಸ್ಯವಾಗಿರಲಿಲ್ಲ. ಬಾಟಲಿ ಹಿಡಿದು ಬರುವ ಮಗಳು ಬರುವುದು ಅವಳಿಗೆ ಬೇಕಿಲ್ಲ ಎಂದುಕೊಂಡೆ. ತವರಿಗೆ ಬೇಡವಾದೆ ಎಂದು ಮುನಿಸಿಕೊಂಡೆ. ಬೇಕೆಂದೇ ತಡವಾಗಿ ಹೋಗುತ್ತಿದ್ದೆ, ಬೇಗ ಹೊರಡುತ್ತಿದ್ದೆ.

ಈ ವರ್ಷದ ದೀಪಾವಳಿಗೂ ಹಾಗೆಯೇ ಕರೆ ಬಂತು, ನಾಳೆ ನೀರು ತುಂಬುವುದಿದೆ, ಬಂದುಬಿಡಿ ಎಂದು. ಮಗಳೀಗ ಶಾಲೆಗೆ ಹೋಗುತ್ತಾಳೆ, ಬಾಯಿ ಮುಚ್ಚುವುದಿಲ್ಲ. ನಾವು ಹೋದಾಗ ಹಂಡೆ ಬೆಳಗಿ ಇಟ್ಟಾಗಿತ್ತು. ಬೆಳಿಗ್ಗೆ ನೀನೇ ಎರೆಯಬೇಕು ಎಂದು ಮಗಳು ಅಜ್ಜಿಯ ಸೆರಗು ಹಿಡಿದು ಜಗ್ಗಿದಳು. ಎಣ್ಣೆ ಹಚ್ಚುತ್ತೇನೆ, ನೀರು ನಿಮ್ಮಮ್ಮ ಹಾಕುತ್ತಾಳೆ, ಎಂದು ಅಮ್ಮ ಎಂದಿನಂತೆ ಜಾರಿಕೊಂಡಳು. ನನಗೆ ರೇಗಿತು. ಸಿಟ್ಟು ನುಂಗಿಕೊಂಡು, ಒಣಗಿದ ಬಟ್ಟೆ ತರುವ ನೆಪದಲ್ಲಿ ತಾರಸಿಗೆ ಹೋದೆ. ಅಲ್ಲಿ ಮಹಡಿಯ ಅಕ್ಕ ಬಟ್ಟೆ ಮಡಚುತ್ತಿದ್ದಳು. ಅವಳೆದುರು ಬಾಯಿ ಹರಿಯಬಿಟ್ಟೆ. ಕರೆದರೆ ಕರೆದಂತೆ ಇರಬೇಕು, ಅಮ್ಮನಿಗೆ ನಾವು ಬರುವುದು ಇಷ್ಟವಿಲ್ಲದಿದ್ದರೆ ಬಾಯಿಬಿಟ್ಟು ಹೇಳಿಬಿಡಲಿ, ಎಂದೆ.

ಅಕ್ಕ ಮಡಚುವುದನ್ನು ನಿಲ್ಲಿಸಿದಳು.

“ನಿಂಗೆ ಗೊತ್ತಿಲ್ವಾ? ನೀವು ಬರೋ ಹಬ್ಬ ಹತ್ರ ಬಂದ್ರೆ ಆಂಟಿ ಕಾಯ್ಸೋದೇ ಇಲ್ಲ, ನಲ್ಲಿ ನೀರೇ ಕುಡೀತಾರೆ. ದಿನಾ ಚೊಂಬುಗಟ್ಟಲೆ. ತಮಗೇನೂ ಆಗ್ಲಿಲ್ಲ ಅಂದ್ರೆ ನಿಂಗೆ ಫೋನ್ ಮಾಡ್ತಾರೆ. ಹೋದ ವರ್ಷ ನಾನೇ ಬೈದೆ, ಈ ವಯಸ್ಸಲ್ಲಿ ಏನ್ ಆಂಟಿ ಇದು ಅಂತ. ಮಗು ಬರ್ತಾಳಲ್ಲಮ್ಮ, ಅವಳಿಗಿಂತ ಮುಂಚೆ ನಂಗೆ ಗೊತ್ತಾಗ್ಬೇಕು ಅಂದ್ರು.”

ಬಟ್ಟೆ ಅಲ್ಲೇ ಬಿಟ್ಟು ಇಳಿದು ಬಂದೆ. ಒಂದು ಯುಗಾದಿ, ಒಂದು ಗೌರಿ ಹಬ್ಬ. ಹೊಟ್ಟೆ ಸರಿಯಿಲ್ಲ ಎಂದಿದ್ದಳು. ಯಾರ ಪಾಲಿನ ಹೊಟ್ಟೆನೋವನ್ನು ಅವಳು ಅನುಭವಿಸಿದ್ದಳೆಂದು ಆಗ ಗೊತ್ತಾಯಿತು. ನಾನು ಬಿಟಿಎಂನಲ್ಲಿ ಮುನಿಸಿಕೊಂಡು ಕುಳಿತಿದ್ದೆ.

ಅಮ್ಮ ಬಚ್ಚಲುಮನೆಯಲ್ಲಿ ಹಂಡೆಗೆ ಬಳ್ಳಿ ಕಟ್ಟುತ್ತಿದ್ದಳು. ನಾನು ಅಡುಗೆಮನೆಯಿಂದ ಲೋಟ ತಂದು, ಅವಳೆದುರೇ ನಲ್ಲಿ ತಿರುಗಿಸಿ, ತುಂಬಿ, ಗಟಗಟನೆ ಕುಡಿದೆ. ಅವಳ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ. ಅಷ್ಟು ವರ್ಷಗಳ ಮೇಲೆ ಮಗಳು ತವರಿನ ನೀರು ಕುಡಿದಳಲ್ಲ ಎಂದು ಅಳುತ್ತಾಳೆ, ನಾನೂ ಅತ್ತುಬಿಡುತ್ತೇನೆ, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ.

ಅಮ್ಮ ಬಳ್ಳಿ ಬಿಟ್ಟು ಎದ್ದು ಬಂದು ಲೋಟ ಕಸಿದುಕೊಂಡಳು.

“ಕಾಯ್ಸಿಲ್ಲ ಕಣೇ ಅದು. ಉಗುಳೇ.”

ನುಂಗಿಯಾಯಿತಲ್ಲಮ್ಮ ಎಂದೆ. ನೀನು ದಿನಾ ಕುಡಿಯುವುದೇ ಅಲ್ಲವೇ ಎಂದೂ ಹೇಳಿದೆ. ನನ್ನ ವಿಷಯ ಬೇರೆ ಎಂದಳು. ಲೋಟದ ತಳದಲ್ಲಿದ್ದ ಹನಿಯನ್ನೂ ಬಚ್ಚಲಿಗೆ ಚೆಲ್ಲಿದಳು.

ಸಂಜೆ ಹಂಡೆಗೆ ಪೂಜೆಯಾಯಿತು. ಬೆಳಿಗ್ಗೆ ಮಗಳಿಗೆ ನಾನೇ ಎರೆದೆ. ಅಮ್ಮ ಬಾಗಿಲಾಚೆ ಟವೆಲು ಹಿಡಿದು ನಿಂತಿದ್ದಳು. ಕೊನೆಯ ಚೊಂಬು ಸುಳಿಯುವಾಗ ಹೇಳುವ ಮಾತನ್ನು ಅವಳು ಹೇಳಲೆಂದು ಸ್ವಲ್ಪ ಕಾದೆ. ಹೇಳಲಿಲ್ಲ, ನಾನೇ ಹೇಳಿದೆ. ಆಮೇಲೆ ಊಟವಾಯಿತು, ದೀಪ ಹಚ್ಚಿಯಾಯಿತು. ನಾನು ಎಲ್ಲಿ ಕುಳಿತರೂ ಯಾವುದೋ ನೆಪ ಮಾಡಿಕೊಂಡು ಅಮ್ಮ ಹತ್ತಿರ ಬರುತ್ತಿದ್ದಳು, ಹೊಟ್ಟೆ ಹೇಗಿದೆ ಎಂದು ಕೇಳುತ್ತಿದ್ದಳು. ನಾವು ಹೊರಡುವವರೆಗೂ ನನ್ನ ಹಣೆ ಮುಟ್ಟಿ ನೋಡುತ್ತಲೇ ಇದ್ದಳು.